ಏಳರ ಕೆಳಗಿನ ಗೆರೆ

ಈಗ ರೇಸ್ ಗಾಡಿಯ ಕೆಲಸಕ್ಕೆ ಬರುವ ಹುಡುಗರ ಕೈ ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಉಗುರಿನ ಸಂದಿಯಲ್ಲಿ ಒಂದು ಚೂರು ಗ್ರೀಸ್ ಇಲ್ಲ! ಲ್ಯಾಪ್‌ಟಾಪ್ ತೆರೆಯುತ್ತಾರೆ, ಗಾಡಿಗೆ ಒಂದು ವೈರು ಸಿಕ್ಕಿಸುತ್ತಾರೆ, ಡ್ರೈವರ್ ಯಾವ ತಿರುವಿನಲ್ಲಿ ಎಷ್ಟು ಬ್ರೇಕ್ ಒತ್ತಿದ ಎಂಬುದೆಲ್ಲ ಗೆರೆಗೆರೆಯಾಗಿ ಪರದೆಯ ಮೇಲೆ ಬರುತ್ತದೆ. ನಾವು ಅದನ್ನು ಅಂಗೈಯಲ್ಲಿ ಓದುತ್ತಿದ್ದೆವು. ಓದುವಾಗ ತಪ್ಪೂ ಮಾಡುತ್ತಿದ್ದೆವು. ಅಂಥ ಒಂದು ತಪ್ಪನ್ನು ಹೇಳುವುದಕ್ಕೇ ನಾನು ಕೂತಿರುವುದು. ಮಿಕ್ಕಿದ್ದೆಲ್ಲ ಅದರ ಸುತ್ತಲಿನ ಮಾತು, ಬೇಡವಾದವರು ಹಾರಿಸಿಕೊಂಡು ಓದಲಿ.

ನಾನು ಕೆಲಸ ಕಲಿತದ್ದು ಶಿವಾಜಿನಗರದಲ್ಲಿ, ಗಫಾರ್ ಉಸ್ತಾದರ ಗ್ಯಾರೇಜಿನಲ್ಲಿ. ಹಳೆ ಕಾರುಗಳ ಬಿಡಿಭಾಗ ಮಾರುವ ಅಂಗಡಿಗಳ ಹಿಂದೆ, ತಗಡಿನ ಮಾಡು, ಮಧ್ಯದಲ್ಲಿ ಒಂದು ಬೇವಿನ ಮರ. ಮರವನ್ನು ಕಡಿಯುವುದು ಬೇಡವೆಂದು ಉಸ್ತಾದರು ತಗಡಿಗೇ ತೂತು ಮಾಡಿದ್ದರು. ವಾರವೆಲ್ಲ ಟ್ಯಾಕ್ಸಿ, ವ್ಯಾನು, ಮದುವೆಗೆ ಹೋಗುವ ಅಂಬಾಸಿಡರ್. ಮೂಲೆಯಲ್ಲಿ ಮಾತ್ರ ಎರಡು ಫಾರ್ಮುಲಾ ಗಾಡಿಗಳು ಬೆಡ್‌ಶೀಟು ಹೊದ್ದುಕೊಂಡು ಮಲಗಿರುತ್ತಿದ್ದವು. ಒಬ್ಬನೇ ಕೂರುವ, ಚಕ್ರಗಳು ಮೈಯಿಂದ ಹೊರಗಿರುವ, ಸಣ್ಣ ಕಾರಿನ ಎಂಜಿನ್ ಕೂರಿಸಿದ ಗಾಡಿಗಳು. ಟಿವಿಯಲ್ಲಿ ಬರುವ ದೊಡ್ಡ ಫಾರ್ಮುಲಾ ಗಾಡಿಗಳ ಮುಂದೆ ಇವು ಆಟಿಕೆಗಳೇ ಇರಬಹುದು. ನಮಗೆ ಮಾತ್ರ ಅವೇ ಪಟ್ಟದ ಆನೆಗಳು. ಅವುಗಳ ಯಜಮಾನರು ಕುಕ್ ಟೌನಿನ ಪಿಂಟೋ ಸರ್. ಹಳೆ ಬಂಗಲೆ, ಬಿಳಿ ಮೀಸೆ, ಜೇಬಿನಲ್ಲಿ ಯಾವಾಗಲೂ ಒಂದು ಸ್ಟಾಪ್‌ವಾಚು.

ಉಸ್ತಾದರು ನನಗೆ ಮೊದಲ ಆರು ತಿಂಗಳು ಸ್ಪ್ಯಾನರ್ ಮುಟ್ಟಲು ಬಿಡಲಿಲ್ಲ. ಬರಿಯ ಟೈರ್ ಸವರು ಎಂದರು. ರೇಸಿನಲ್ಲಿ ಓಡಿ ಬಂದ ಟೈರ್, ಟ್ಯಾಕ್ಸಿಯ ಟೈರ್, ವ್ಯಾನಿನ ಟೈರ್, ಯಾವುದಾದರೂ ಸರಿ. ಕಣ್ಣು ಮುಚ್ಚಿಕೊಂಡು ಅಂಗೈಯನ್ನು ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಎಳೆಯಬೇಕು. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸ ಎಂದರೆ ಡ್ರೈವರ್ ಗಾಡಿಯನ್ನು ತಿರುವಿನೊಳಗೆ ಬಲವಂತವಾಗಿ ತಳ್ಳಿದ್ದಾನೆ. ಎರಡೂ ಕಡೆ ಒಂದೇ ಸಮ ಎಂದರೆ ಅವನು ಗಾಡಿಯನ್ನು ಕೇಳಿ ಓಡಿಸಿದ್ದಾನೆ.

"ಟೈರ್ ಸುಳ್ಳು ಹೇಳಲ್ಲ ನಾಗರಾಜ್," ಎನ್ನುತ್ತಿದ್ದರು. "ಡ್ರೈವರ್ ಹೇಳ್ತಾನೆ, ಓನರ್ ಹೇಳ್ತಾನೆ, ನೀನೂ ಹೇಳ್ತೀಯ. ಟೈರ್ ಹೇಳಲ್ಲ."

ನಾನು ಸುಳ್ಳು ಹೇಳುವವನೆಂದು ಅವರಿಗೆ ಗೊತ್ತಿದ್ದದ್ದು ಹೀಗೆ. ಒಮ್ಮೆ ಎಂಜಿನ್ ಬಿಚ್ಚಿದಾಗ ಗಾಳಿ ಎಳೆಯುವ ಬಾಯಿಗೆ ಕಸ ಬೀಳದಿರಲೆಂದು ಬಟ್ಟೆ ತುರುಕಿದ್ದೆ. ತೆಗೆಯಲು ಮರೆತೆ. ಗಾಡಿ ಸ್ಟಾರ್ಟ್ ಆಗಲಿಲ್ಲ. ಇಡೀ ಬೆಳಗ್ಗೆ ಎಲ್ಲರೂ ಕರೆಂಟು, ಪೆಟ್ರೋಲು ಎಂದು ಹುಡುಕಿದರು. ನಾನು ನೆನಪಾದ ಮೇಲೂ ಬಾಯಿಗೆ ಬೀಗ ಹಾಕಿಕೊಂಡು, ಯಾರೂ ನೋಡದಾಗ ಬಟ್ಟೆ ಎಳೆದು ಜೇಬಿಗಿಟ್ಟುಕೊಂಡೆ. ಗಾಡಿ ಗುಡುಗಿತು. ಎಲ್ಲರೂ ನನ್ನನ್ನು ಹೊಗಳಿದರು! ಉಸ್ತಾದರು ಮಾತ್ರ ನನ್ನ ಉಬ್ಬಿದ ಜೇಬನ್ನು ನೋಡಿ, "ಕರ್ಚೀಫ್ ಚೆನ್ನಾಗಿದೆ, ಒಗೆದು ಹಾಕು," ಎಂದರಷ್ಟೆ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಇನ್ನೊಂದು ಪದ್ಧತಿ ಹೇಳಿಬಿಡುತ್ತೇನೆ, ಮುಂದಿನದಕ್ಕೆ ಅದೇ ಬೇಕು. ಉಸ್ತಾದರಿಗೆ ಉರ್ದು ಅಂಕಿಗಳನ್ನು ಬಿಟ್ಟು ಬೇರೆ ಅಂಕಿ ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ಗ್ಯಾರೇಜಿನಲ್ಲಿ ಸೀಮೆಸುಣ್ಣದ ಗುರುತೆಲ್ಲ ಉರ್ದು ಅಂಕಿಗಳಲ್ಲೇ. ಕೆ.ಆರ್. ಪುರದ ಗೌಡರ ಮನೆಯ ನಾನೂ ಕಲಿತೆ, ಹಲಸೂರಿನಿಂದ ಬರುತ್ತಿದ್ದ ವೆಲ್ಡರ್ ಸೆಲ್ವಂ ಕೂಡ ಕಲಿತ. ಆ ಅಂಕಿಗಳಲ್ಲಿ ಏಳು ಎಂದರೆ ಎರಡು ಓರೆ ಗೆರೆಗಳು ಕೆಳಗೆ ಸೇರಿ, ಮೇಲೆ ಬಾಯಿ ತೆರೆದಿರುತ್ತವೆ, ಬಟ್ಟಲಿನ ಹಾಗೆ. ಎಂಟು ಎಂದರೆ ಅದೇ ಬಟ್ಟಲು ಕವುಚಿದ ಹಾಗೆ. ಪಿಂಟೋ ಸರ್ ಗಾಡಿಗಳ ನಂಬರು ಏನು ಗೊತ್ತೇ? ಏಳು ಮತ್ತು ಎಂಟು. ಕಾಗದದ ಮೇಲಾದರೆ ತೊಂದರೆಯಿಲ್ಲ, ಕಾಗದಕ್ಕೆ ತಲೆ ಇದೆ, ಬುಡ ಇದೆ. ದುಂಡಗಿನ ಟೈರಿಗೆ ಎಲ್ಲಿದೆ? ಅರ್ಧ ಸುತ್ತು ಉರುಳಿದರೆ ಏಳು ಎಂಟಾಗುತ್ತದೆ, ಎಂಟು ಏಳಾಗುತ್ತದೆ. ಅದಕ್ಕೆ ಉಸ್ತಾದರ ಕಾನೂನು: ಅಂಕಿ ಬರೆದ ಮೇಲೆ ಅದರ ಕೆಳಗೆ ಒಂದು ಗೆರೆ ಎಳೆಯಬೇಕು, ಬುಡ ಯಾವುದು ಎಂದು ತಿಳಿಯಲು.

"ಲಕೀರ್ ನೈ ತೋ ನಂಬರಿಚ್ ನೈ," ಎನ್ನುತ್ತಿದ್ದರು. ಗೆರೆ ಇಲ್ಲದಿದ್ದರೆ ಅದು ನಂಬರೇ ಅಲ್ಲ.

ತೊಂಬತ್ತರ ದಶಕದ ಆ ಭಾನುವಾರಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಮಧ್ಯಾಹ್ನ ಕೆಲಸ ನಿಲ್ಲಿಸಿ, ಬೇವಿನ ಕೆಳಗೆ ಟೈರುಗಳ ಮೇಲೆ ಕೂತು, ಚಾಯ್ ಕುಡಿಯುತ್ತ ಒಂದೇ ವಾದ: ದೊಡ್ಡ ಡ್ರೈವರ್ ಎಂದರೆ ಯಾರು? ಕೇಬಲ್ ಟಿವಿ ಬಂದ ಹೊಸದು. ಎಲ್ಲರೂ ಹೊರದೇಶದ ರೇಸು ನೋಡಿಕೊಂಡು ಪಂಡಿತರಾಗಿದ್ದೆವು.

"ಮಳೇಲಿ ಓಡಿಸ್ಬೇಕು ಗುರು," ಎನ್ನುತ್ತಿದ್ದ ಸೆಲ್ವಂ. "ಬಿಸಿಲಲ್ಲಿ ನಮ್ಮಜ್ಜಿನೂ ಓಡಿಸ್ತಾಳೆ."

ಪಿಂಟೋ ಸರ್ ಸ್ಟಾಪ್‌ವಾಚನ್ನು ಎತ್ತಿ ತೋರಿಸಿ, "ನಿಮ್ದೆಲ್ಲಾ ಬರೀ ಕಥೆ. ಇದು ಒಂದೇ ನಿಜ. ಫಾಸ್ಟ್ ಈಸ್ ಫಾಸ್ಟ್," ಎನ್ನುತ್ತಿದ್ದರು.

"ಗೆದ್ದೋನೇ ದೊಡ್ಡೋನು, ಸೋತೋನ ಮಾತು ಯಾರ್ ಕೇಳ್ತಾರೆ?" ಎಂದು ನಾನು. ಆಗ ನನಗೆ ಅಷ್ಟೇ ಬುದ್ಧಿ.

ಎಲ್ಲರೂ ಕೂಗಾಡಿ ಸುಸ್ತಾದ ಮೇಲೆ ಉಸ್ತಾದರು ಬಾಯಿ ಬಿಡುತ್ತಿದ್ದರು. "ಇಬ್ರು ಒಂದೇ ಟೈಮಲ್ಲಿ ಬಂದ್ರು ಅಂತ ಇಟ್ಕೊಳ್ಳಿ. ಒಬ್ಬನ ಗಾಡಿ ಅಳ್ತಾ ಬಂತು, ಇನ್ನೊಬ್ಬನ ಗಾಡಿ ನಗ್ತಾ ಬಂತು. ನಗಿಸ್ಕೊಂಡು ಬಂದೋನು ದೊಡ್ಡೋನು. ಅವನ ಹತ್ರ ಇನ್ನೂ ಬಾಕಿ ಇದೆ." ಪಿಂಟೋ ಸರ್ ಸುಮ್ಮನೆ ವಾಚನ್ನು ಜೇಬಿಗಿಳಿಸುತ್ತಿದ್ದರು.

ಆ ಎರಡು ಗಾಡಿ ಓಡಿಸುತ್ತಿದ್ದವರು ಮುರಳಿ ಮತ್ತು ಅಶ್ವಿನ್. ಏಳನೆಯ ನಂಬರಿನ ಮುರಳಿ ಹಲಸೂರಿನವನು, ಅವನಪ್ಪ ಮಿಲಿಟರಿಯಲ್ಲಿ ಲಾರಿ ಓಡಿಸಿ ನಿವೃತ್ತನಾದವನು. ನಮ್ಮ ಗ್ಯಾರೇಜಿನಲ್ಲೇ ಕೆಲಸ ಮಾಡುತ್ತ, ಒಮ್ಮೆ ಗಾಡಿ ಪರೀಕ್ಷೆಗೆ ಕೂತವನು ಇಳಿಯಲೇ ಇಲ್ಲ. ಎಂಟರ ಅಶ್ವಿನ್ ಇಂದಿರಾನಗರದ ಅನುಕೂಲಸ್ಥರ ಮಗ. ದುಡ್ಡಿದ್ದರೂ ಜಂಬವಿಲ್ಲ, ನಮ್ಮ ಜೊತೆಗೇ ನೆಲದ ಮೇಲೆ ಕೂತು ಬಿರಿಯಾನಿ ತಿನ್ನುತ್ತಿದ್ದ. ಇಬ್ಬರೂ ಒಳ್ಳೆಯವರೇ. ಮುಂದೆ ಆದದ್ದರಲ್ಲಿ ಅವರಿಬ್ಬರದೂ ತಪ್ಪಿಲ್ಲ.

ಒಂದು ವರ್ಷ ಪಿಂಟೋ ಸರ್ ಹೇಳಿದರು: ಎರಡು ಗಾಡಿ ಸಾಕಲು ಇನ್ನು ನನ್ನಿಂದ ಆಗದು, ಮುಂದಿನ ಸೀಸನ್ನಿಗೆ ಒಂದೇ ಸೀಟು. ಯಾರು ಉಳಿಯುತ್ತಾರೋ ಅವರನ್ನು ಹೊರದೇಶದ ತಂಡವೊಂದರ ಪರೀಕ್ಷೆಗೂ ಕಳಿಸುತ್ತೇನೆ. ಆಯ್ಕೆಗೆ ಮದ್ರಾಸಿನ ಕಡೆಯ ಟ್ರ್ಯಾಕಿನಲ್ಲಿ ಒಂದು ದಿನ ಗೊತ್ತಾಯಿತು. ಅದೇ ವಾರ ಉಸ್ತಾದರಿಗೆ ಕಣ್ಣಿನ ಪೊರೆಯ ಆಪರೇಷನ್. ಹಸಿರು ಪಟ್ಟಿ ಕಟ್ಟಿಕೊಂಡು ಕೂತಿದ್ದ ಅವರು ನನ್ನ ಬಲಗೈ ಹಿಡಿದು ಪಿಂಟೋ ಸರ್ ಕೈಯಲ್ಲಿಟ್ಟು, "ಈ ಕೈ ನಂದೇ ಅನ್ಕೊಳ್ಳಿ," ಎಂದರು. ಅಯ್ಯೋ, ಆ ದಿನ ನನಗೆ ಬಂದ ಹೆಮ್ಮೆ! ಹಳೆ ಮದ್ರಾಸ್ ರಸ್ತೆಯುದ್ದಕ್ಕೂ, ಲಾರಿಯಲ್ಲಿ ಗಾಡಿಗಳ ಪಕ್ಕ ಕೂತು, ನನ್ನ ಅಂಗೈಯನ್ನು ನಾನೇ ನೋಡಿಕೊಳ್ಳುತ್ತ ಹೋದೆ.

ಮುರಳಿ ಪಕ್ಕದಲ್ಲೇ ಇದ್ದ. ಕೆ.ಆರ್. ಪುರ ದಾಟುವಾಗ ಮೆಲ್ಲಗೆ ಕೇಳಿದ: "ನಾಗರಾಜಣ್ಣ, ನಂಗೆ ಸಿಗುತ್ತಾ?"

"ನಾನ್ ಹೇಳೋದಲ್ಲ ಕಣೋ. ಟೈರ್ ಹೇಳುತ್ತೆ," ಎಂದೆ, ದೊಡ್ಡ ಮನುಷ್ಯನ ಹಾಗೆ.

ಮನಸ್ಸಿನಲ್ಲಿ ಅವನಿಗೇ ಸಿಗಲಿ ಎಂದಿತ್ತು. ನಮ್ಮ ಜೊತೆ ಗ್ರೀಸ್ ಮೆತ್ತಿಕೊಂಡವನು, ನಮ್ಮವನು. ಅದೇ ನನಗೆ ಮುಳುವಾಯಿತು.

ಇಬ್ಬರೂ ಓಡಿಸಿದರು. ಪಿಂಟೋ ಸರ್ ವಾಚಿನಲ್ಲಿ ಇಬ್ಬರ ಸಮಯವೂ ರೆಪ್ಪೆ ಹೊಡೆಯುವಷ್ಟೇ ಅಂತರ. ಆ ಟ್ರ್ಯಾಕಿನಲ್ಲಿ ಭಾರವೆಲ್ಲ ಬೀಳುವುದು ಮುಂದಿನ ಎಡಗಡೆ ಟೈರಿನ ಮೇಲೆ, ಆದ್ದರಿಂದ ಎರಡೂ ಗಾಡಿಗಳಿಂದ ಅದೊಂದನ್ನೇ ಬಿಚ್ಚಿಸಿದೆ. ಸುಡುವ ಬಿಸಿಲು, ಟೈರೂ ಸುಡುತ್ತಿತ್ತು, ಪಿಂಟೋ ಸರ್ "ಕಮಾನ್ ನಾಗರಾಜ್, ಬೇಗ" ಎನ್ನುತ್ತಿದ್ದರು. ಬಟ್ಟಲು ಬರೆದೆ, ಕವುಚಿದ ಬಟ್ಟಲು ಬರೆದೆ. ಎರಡನ್ನೂ ಒಂದೊಂದಾಗಿ ಉರುಳಿಸಿಕೊಂಡು ಹೋಗಿ ನೆರಳಿನ ಗೋಡೆಗೆ ಒರಗಿಸಿದೆ. ಕೈ ತೊಳೆದು, ನೀರು ಕುಡಿದು ಬಂದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ನನ್ನ ಬುದ್ಧಿ ಆಗ ಎಲ್ಲಿ ಮೇಯಲು ಹೋಗಿತ್ತೋ. ಗೆರೆ ಎಳೆದಿರಲಿಲ್ಲ. ಎಳೆದಿಲ್ಲವೆಂಬುದು ಹೊಳೆಯಲೂ ಇಲ್ಲ.

ಕಣ್ಣು ಮುಚ್ಚಿ ಮೊದಲನೆಯದನ್ನು ಸವರಿದೆ. ಅಂಥ ಟೈರನ್ನು ನಾನು ಆಮೇಲೆ ಯಾವತ್ತೂ ಮುಟ್ಟಿಲ್ಲ. ಒಳಗೂ ಹೊರಗೂ ಒಂದೇ ಸಮ, ಚಪಾತಿ ಹಿಟ್ಟಿನ ಹಾಗೆ ಮೃದು. ಅಷ್ಟು ಜೋರಾಗಿ ಓಡಿಯೂ ದಣಿವೇ ಇಲ್ಲ. ಎರಡನೆಯದರ ಹೊರ ಅಂಚು ಕಿತ್ತು ಬಂದಿತ್ತು, ಅಂಗೈಗೆ ಗರಗಸ. ಕಣ್ಣು ತೆರೆದು ಗುರುತು ನೋಡಿದೆ. ಮೃದುವಾದದ್ದರ ಮೇಲೆ ಎಂಟು. ಗರಗಸದ ಮೇಲೆ ಏಳು.

ಮುರಳಿಯ ಮುಖ ನೋಡಿದೆ, ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಒಂದು ಗಳಿಗೆ ಇನ್ನೊಮ್ಮೆ ನೋಡೋಣ, ಕಾಲು ಒತ್ತಿದ ಹಾಗೆ ಸವೆಯುವ ಬ್ರೇಕ್ ಪ್ಯಾಡ್ ಬಿಚ್ಚಿಸಿ ನೋಡೋಣ ಎನ್ನಿಸಿತು. ತಕ್ಷಣ ಇನ್ನೊಂದು ಮನಸ್ಸು, ನಮ್ಮವನು ಅಂತ ಎಳೆದಾಡುತ್ತಿದ್ದಾನೆ ಎಂದು ಎಲ್ಲರೂ ಅಂದುಕೊಳ್ಳುವುದಿಲ್ಲವೇ ಎಂದಿತು. ಪಕ್ಷಪಾತ ಇಲ್ಲವೆಂದು ತೋರಿಸುವ ಚಪಲಕ್ಕೆ ಬೇಕಾದದ್ದಕ್ಕಿಂತ ಜೋರಾಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ:

"ಅಶ್ವಿನ್‌ದು ರೇಸ್ ಕಾಲು ಸರ್. ಮುರಳಿದು ಲಾರಿ ಕಾಲು. ಅಪ್ಪನ ಕಾಲೇ ಬಂದಿದೆ."

ಯಾರೋ ನಕ್ಕರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುರಳಿ ಬಂದು ಆ ಗರಗಸದ ಟೈರಿನ ಮೇಲೆ ತಾನೂ ಕೈ ಇಟ್ಟು ನೋಡಿದ. ತನ್ನದೇ ಎಂದು ನಂಬಿದ. ನನ್ನ ಅಂಗೈಯನ್ನು ಅವನೂ ಅಷ್ಟು ನಂಬಿದ್ದ. ಬರುವಾಗ ಲಾರಿಯಲ್ಲಿ ನನ್ನ ಪಕ್ಕ ಕೂರಲಿಲ್ಲ. ಮರುದಿನದಿಂದ ಗ್ಯಾರೇಜಿಗೂ ಬರಲಿಲ್ಲ.

ಅಶ್ವಿನ್ ಹೊರದೇಶಕ್ಕೆ ಹೋಗಿ ಬಂದ. ಅಲ್ಲಿನವರು ವೇಗ ಇದೆ, ಆದರೆ ಟೈರ್ ತಿಂದು ಸವೆಸುತ್ತಾನೆ ಎಂದು ಬರೆದು ಕಳಿಸಿದರು. ಕಾಗದವನ್ನು ಓದಿ ಹೇಳಿದ ಪಿಂಟೋ ಸರ್ ನನ್ನನ್ನೇ ನೋಡಿದರು. "ಆ ಟ್ರ್ಯಾಕೇ ಬೇರೆ ಸರ್," ಎಂದೆ ನಾನು. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ!

ಪಟ್ಟಿ ಬಿಚ್ಚಿ, ಹೊಸ ಕನ್ನಡಕ ಬಂದು, ಉಸ್ತಾದರು ಒಂದು ದಿನ ಅಟ್ಟದ ಸಾಮಾನು ಇಳಿಸಿದರು. ಆಯ್ಕೆಯ ದಿನದ ಎರಡು ಟೈರುಗಳು, ಆಮೇಲೆ ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಬ್ರೇಕ್ ಪ್ಯಾಡುಗಳ ಎರಡು ಡಬ್ಬಿಗಳು. ಪ್ಯಾಡ್ ಡಬ್ಬಿಯ ಮೇಲೆ ಅಂಕಿ ಇರಲಿಲ್ಲ, ಸೆಲ್ವಂ ಕನ್ನಡದಲ್ಲಿ ಹೆಸರು ಬರೆದಿದ್ದ. ಉಸ್ತಾದರು ಪ್ಯಾಡುಗಳನ್ನು ಕೈಗೆ ತೆಗೆದುಕೊಂಡರು. ಅಶ್ವಿನ್‌ನವು ಸುಟ್ಟು, ಅಂಚು ಉದುರಿದ್ದವು. ಮುರಳಿಯವು ಒಂದೇ ಸಮ ಸವೆದಿದ್ದವು. ಆಮೇಲೆ ಟೈರ್ ಸವರಿದರು. ಮೃದುವಾದದ್ದನ್ನು ಮತ್ತೆ ಮತ್ತೆ ಸವರಿದರು.

"ಪ್ಯಾಡ್ ಒಂದು ಹೇಳ್ತದೆ, ಟೈರ್ ಒಂದು ಹೇಳ್ತದೆ," ಎಂದರು ಕೊನೆಗೆ. "ಎರಡೂ ಸುಳ್ಳು ಹೇಳಲ್ಲ. ಲಕೀರ್ ಎಲ್ಲಿ ನಾಗರಾಜ್?"

ನಾನು ಬಗ್ಗಿ ನೋಡಿದೆ. ಗೆರೆ ಇರಲಿಲ್ಲ. ಉಸ್ತಾದರು ಮೃದುವಾದ ಆ ಟೈರನ್ನು ಮೆಲ್ಲಗೆ ಅರ್ಧ ಸುತ್ತು ತಿರುಗಿಸಿದರು. ಕವುಚಿದ್ದ ಬಟ್ಟಲು ಬಾಯಿ ತೆರೆಯಿತು. ಎಂಟು ಏಳಾಯಿತು. ಎರಡರಲ್ಲಿ ಒಂದು ಮಾತ್ರ ತಿರುಗಿದ್ದರೆ ಎರಡರ ಮೇಲೂ ಒಂದೇ ನಂಬರು ಕಂಡು ಅವತ್ತೇ ಎಚ್ಚರವಾಗುತ್ತಿತ್ತು. ಹಾಳಾದ್ದು, ಎರಡೂ ಒಂದೇ ಗೋಡೆಯವರೆಗೆ, ಒಂದೇ ದೂರ ಉರುಳಿದ್ದವು.

"ಜಾ ಕೇ ಬೋಲ್ ಉಸ್ಕೂ," ಎಂದರು. ಹೋಗಿ ಅವನಿಗೆ ಹೇಳು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಕೂತರು.

ಹೋದೆ. ಹಲಸೂರಿನ ಕೆರೆಯ ಹಿಂದಿನ ಬೀದಿಯಲ್ಲಿ ಅವರ ಮನೆಗೆ ಬೀಗ. ಬಿಟ್ಟುಹೋಗಿ ತಿಂಗಳುಗಳಾದವು, ಎಲ್ಲಿಗೋ ಗೊತ್ತಿಲ್ಲ ಎಂದರು ಪಕ್ಕದವರು. ನಿಜ ಹೇಳಲೇ? ಬೀಗ ನೋಡಿ ನನಗೆ ಸಮಾಧಾನವಾಯಿತು. ಇನ್ನೂ ನಾಲ್ಕು ಮನೆ ಕೇಳಬಹುದಿತ್ತು. ಕೇಳಲಿಲ್ಲ. ಕರ್ಚೀಫನ್ನು ಮತ್ತೊಮ್ಮೆ ಜೇಬಿಗಿಟ್ಟುಕೊಂಡು ಬಂದೆ.

ಕೆಲವು ವರ್ಷಕ್ಕೆ ಉಸ್ತಾದರು ತೀರಿಕೊಂಡರು. ಗ್ಯಾರೇಜಿನ ಜಾಗದಲ್ಲಿ ಕಟ್ಟಡ ಬಂತು, ಬೇವು ಹೋಯಿತು. ನಾನು ಬೇರೊಂದು ರೇಸ್ ತಂಡಕ್ಕೆ ಸೇರಿದೆ. ಅಲ್ಲಿಗೆ ಲ್ಯಾಪ್‌ಟಾಪು ಬಂತು, ಟೈರುಗಳಿಗೆ ಅಚ್ಚು ಹಾಕಿದ ಚೀಟಿ ಬಂತು, ನನ್ನ ಅಂಗೈಯನ್ನು ಕೇಳುವವರಿಲ್ಲ. ತಪ್ಪಾಗುವುದಿಲ್ಲ, ಒಳ್ಳೆಯದೇ. ಆದರೂ ಬೇವಿನ ಕೆಳಗಿನ ಆ ಒಂದು ಭಾನುವಾರ, ಉಸ್ತಾದರ ಒಂದು ಲೋಟ ಚಾಯ್ ಇನ್ನೊಮ್ಮೆ ಸಿಗುವುದಾದರೆ ಕಾಲ್ನಡಿಗೆಯಲ್ಲಿ ಹೋಗಿ ಬಂದೇನು.

ಕೆಲಸ ಬಿಟ್ಟ ವರ್ಷ, ಒಂದು ಬೆಳಗ್ಗೆ ಶಿವಾಜಿನಗರದಿಂದ ಕೆ.ಆರ್. ಪುರದ ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲ, ಹಿಂದಿನ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೆ. ಹಲಸೂರು ದಾಟಿದ ಮೇಲೆ ಏನೋ ವಿಚಿತ್ರ ಅನ್ನಿಸಿತು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿದೆ, ನಿಂತದ್ದು ನನ್ನ ಕಾಲಿಗೆ ಗೊತ್ತೇ ಆಗಿಲ್ಲ. ಮತ್ತೆ ಹೊರಟಿತು, ಯಾರೂ ಯಾರ ಮೇಲೂ ಬೀಳಲಿಲ್ಲ. ಹಳೆಯ ಡಬ್ಬಾ ಬಸ್ಸು, ಗಡಗಡ ಎನ್ನುವ ಕಿಟಕಿಗಳು, ಆದರೂ ಎದುರು ನಿಂತಿದ್ದ ಹೆಂಗಸಿನ ಹೆಗಲ ಮೇಲೆ ಮಗು ನಿದ್ದೆ ಮಾಡುತ್ತಿತ್ತು. ನಾನು ಕಂಬಿ ಬಿಟ್ಟೆ. ಕಣ್ಣು ಮುಚ್ಚಿದೆ. ಮೂರು ಸ್ಟಾಪು ಹಾಗೇ ನಿಂತೆ. ಆ ಮೃದು ಟೈರಿನಿಂದ ನನ್ನ ಅಂಗೈ ನೆನಪಿಟ್ಟುಕೊಂಡಿದ್ದನ್ನು ಈಗ ಅಂಗಾಲು ಹೇಳುತ್ತಿತ್ತು.

ಜನರನ್ನು ಸರಿಸಿಕೊಂಡು ಮುಂದೆ ಹೋದೆ. ಡ್ರೈವರ್ ಸೀಟಿನಲ್ಲಿ ಖಾಕಿ ಅಂಗಿ, ಅರ್ಧ ನರೆತ ಕೂದಲು, ಮುರಳಿ. ಕನ್ನಡಿಯಲ್ಲಿ ಅವನೂ ನನ್ನನ್ನು ನೋಡಿದ.

"ನಾಗರಾಜಣ್ಣ! ನೀವಾ? ಚೆನ್ನಾಗಿದೀರಾ?"

ಕೊನೆಯ ಸ್ಟಾಪಿನವರೆಗೆ ಅವನ ಸೀಟಿನ ಹಿಂದೆಯೇ ನಿಂತೆ. ಕೆ.ಆರ್. ಪುರದಲ್ಲಿ ಎಲ್ಲರೂ ಇಳಿದರು. ಬಸ್ಸಿನ ಪಕ್ಕ ನಿಂತು ಇಬ್ಬರೂ ಟೀ ಹಿಡಿದೆವು. ಆರಿದ ಮೇಲೂ ಕುಡಿಯಲಾಗದೆ, ಹೇಳಿಬಿಟ್ಟೆ. ಗೆರೆ ಎಳೆಯದೆ ಬಿಟ್ಟದ್ದು, ಟೈರು ತಿರುಗಿದ್ದು, ಪ್ಯಾಡು, ಹಲಸೂರಿನ ಬೀಗ, ನನಗಾದ ಸಮಾಧಾನ, ಎಲ್ಲ. ಬಸ್ಸಿನ ಮೈಮೇಲಿನ ಧೂಳಿನಲ್ಲಿ ಬೆರಳಿನಿಂದ ಬಟ್ಟಲು ಬರೆದು ತೋರಿಸಿದೆ.

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಆ ಬಟ್ಟಲನ್ನೇ ನೋಡುತ್ತ ನಿಂತ.

"ಹಂಗಾದ್ರೆ ಆ ಮೆತ್ತಗಿನ ಟೈರ್ ನಂದಾ ಅಣ್ಣ?"

"ನಿಂದೇ ಕಣೋ."

"ನೀವು ಲಾರಿ ಕಾಲು ಅಂದ್ರಲ್ಲ... ಅವತ್ತಿಂದ ಕಾಲು ಹಗುರ ಮಾಡ್ಕೊಳ್ಳೋಕೆ ನೋಡ್ತಾನೇ ಇದೀನಿ. ಪ್ರತಿ ಸ್ಟಾಪಲ್ಲೂ. ಈ ಸಲ ಸರಿ ಒತ್ತಿದ್ನಾ, ಈ ಸಲ ಸರಿ ಒತ್ತಿದ್ನಾ ಅಂತ. ಇನ್ನೂ ಒರಟು ಅಂತ್ಲೇ ಅಂದ್ಕೊಂಡಿದ್ದೆ." ಲೋಟದ ಅಂಚು ಸವರುತ್ತ ಅಂದ: "ನಮ್ಮಪ್ಪನ್ನೂ ಬೈದುಬಿಟ್ಟಿದ್ದೆ, ನಿನ್ನ ಕಾಲು ನಂಗ್ಯಾಕೆ ಕೊಟ್ಟೆ ಅಂತ. ಅವರು ಈಗಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಅರವತ್ತು ದಾಟಿದವನು ಬಸ್ ಸ್ಟ್ಯಾಂಡಿನಲ್ಲಿ ಮಗುವಿನ ಹಾಗೆ ಅತ್ತೆ. ಅವನು ನನ್ನ ಲೋಟ ಇಸಿದುಕೊಂಡು ಕೆಳಗಿಟ್ಟ.

"ಹೆಂಗಿತ್ತು ಅಣ್ಣ ಅದು? ಆ ಟೈರು. ಇನ್ನೊಂದ್ಸಲ ಹೇಳಿ."

ಹೇಳಿದೆ. ಒಳಗೂ ಹೊರಗೂ ಒಂದೇ ಸಮ ಇತ್ತು, ಚಪಾತಿ ಹಿಟ್ಟಿನ ಹಾಗಿತ್ತು, ಅಂಥದ್ದನ್ನು ಆಮೇಲೆ ಇನ್ನೊಂದು ಮುಟ್ಟಲಿಲ್ಲ, ಉಸ್ತಾದರೂ ಅದನ್ನು ಮತ್ತೆ ಮತ್ತೆ ಸವರಿದರು ಎಂದೆ. "ಉಸ್ತಾದ್ ಮುಟ್ಟಿದ್ರಾ?" ಎಂದು ಕೇಳಿದ. ಹೌದು ಎಂದೆ. ತಲೆಯಾಡಿಸಿದ.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಮತ್ತೆ ತುಂಬಿತ್ತು. ಮುರಳಿ ಬೆರಳು ಚಾಚಿ ಧೂಳಿನ ಆ ಬಟ್ಟಲಿನ ಕೆಳಗೆ ಒಂದು ಗೆರೆ ಎಳೆದ. ಹತ್ತಿ ಕೂತ. ಎಂಜಿನ್ ಗುರ್ ಎಂದಿತು, ಆಮೇಲೆ ಇಡೀ ಬಸ್ಸು ಧಡಕ್ಕೆಂದು ಮುಂದಕ್ಕೆ ಹಾರಿ ನಿಂತುಹೋಯಿತು. ಒಳಗಿನ ಜನ ಒಬ್ಬರ ಮೇಲೊಬ್ಬರು ಬಿದ್ದು ಕೂಗಿದರು.

"ಏನ್ ಮುರಳಿಯಣ್ಣ," ಎಂದ ಕಂಡಕ್ಟರ್ ಹಿಂದಿನ ಬಾಗಿಲಿನಿಂದ, "ಇಷ್ಟ್ ವರ್ಷದಲ್ಲಿ ಒಂದ್ ದಿನಾನೂ ಹಿಂಗಾಗಿಲ್ವಲ್ಲ?"